ಸಂದರ್ಶನದಲ್ಲಿ ಮದುವೆ, ಮಗುವಿನ ಪ್ರಶ್ನೆ, ಪಟ್ಟಿಯಲ್ಲಿ ಹೆಸರಿಲ್ಲ. ಆಯ್ಕೆಯನ್ನು ಪ್ರಶ್ನಿಸುವುದು ಹೇಗೆ?

ಪ್ರಶ್ನೆ: ಜಮಖಂಡಿಯ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನಲ್ಲಿ ವಾಸವಾಗಿದ್ದೇನೆ. ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿ ಆರು ವರ್ಷವಾಯಿತು. ತವರು ಬೀಳಗಿ ತಾಲ್ಲೂಕು. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹೊಲ ಹೋದ ಮೇಲೆ ಅಪ್ಪ ಮೂವರು ಮಕ್ಕಳನ್ನೂ ಓದಿಸಿದ್ದು, ಮನೆಗೆ ಒಂದಾದರೂ ಸರ್ಕಾರಿ ನೌಕರಿ ಬರಲಿ ಎಂಬ ಆಸೆಯಿಂದ. ಹೀಗಾಗಿ ಈಗ ಬರೆಯುತ್ತಿರುವುದು ನನ್ನೊಬ್ಬಳ ಬೇಸರವಲ್ಲ, ಇಡೀ ಮನೆಯದು.

ಸರ್ಕಾರಿ ಸ್ವಾಮ್ಯದ ಒಂದು ಸಂಸ್ಥೆ 24 ಕಿರಿಯ ಎಂಜಿನಿಯರ್ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕಚೇರಿ ಬೆಳಗಾವಿಯಲ್ಲಿದೆ. ಲಿಖಿತ ಪರೀಕ್ಷೆಗೆ 150, ಸಂದರ್ಶನಕ್ಕೆ 50 ಅಂಕ. ಲಿಖಿತದಲ್ಲಿ ನನಗೆ 112 ಬಂದಿತ್ತು. ಸಂದರ್ಶನದಲ್ಲಿ ನಾಲ್ವರು ಸದಸ್ಯರಿದ್ದರು, ನಾಲ್ವರೂ ಪುರುಷರು. ನನ್ನ ವಿಷಯದ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಸರಿಯಾಗಿ ಉತ್ತರಿಸಿದೆ. ಉಳಿದ ಹೊತ್ತೆಲ್ಲ ಬೇರೆಯದೇ ಮಾತು ನಡೆಯಿತು: ಮದುವೆಯಾಗಿ ಎಷ್ಟು ವರ್ಷ, ಯಜಮಾನರು ಎಲ್ಲಿ ಕೆಲಸ ಮಾಡುತ್ತಾರೆ, ಎಂಟು ತಿಂಗಳ ಮಗುವನ್ನು ಬಿಟ್ಟು ರಾತ್ರಿ ಪಾಳಿಗೆ ಬರುವಿರಾ, ಎರಡನೆಯ ಮಗುವಿನ ಯೋಚನೆ ಇದೆಯೇ. ನನ್ನ ಹಿಂದೆ ಹೋದ ಹುಡುಗನಿಗೆ ಇಂಥ ಒಂದು ಪ್ರಶ್ನೆಯೂ ಬರಲಿಲ್ಲ ಎಂದು ಅವನೇ ಹೊರಗೆ ಬಂದು ಹೇಳಿದ. ನನಗೆ ಸಂದರ್ಶನದಲ್ಲಿ 50ಕ್ಕೆ 14 ಅಂಕ ಕೊಟ್ಟಿದ್ದಾರೆ. ಲಿಖಿತದಲ್ಲಿ ನನಗಿಂತ 19 ಅಂಕ ಕಡಿಮೆ, ಅಂದರೆ 93 ಪಡೆದವರೊಬ್ಬರಿಗೆ 41 ಕೊಟ್ಟು ಒಟ್ಟು 134ಕ್ಕೆ ಆಯ್ಕೆ ಮಾಡಿದ್ದಾರೆ.

ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಏಳು ದಿನದೊಳಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಸಂದರ್ಶನದ ಅಂಕವನ್ನು ಮರುಪರಿಶೀಲಿಸಿ ಎಂದು ಇಮೇಲ್ ಕಳಿಸಿದೆ, ಉತ್ತರ ಬರಲಿಲ್ಲ. ಅಂತಿಮ ಪಟ್ಟಿ ಪ್ರಕಟವಾಗಿ ಈಗ ಎರಡು ತಿಂಗಳಾಗಿದೆ. ಒಟ್ಟು 24ರಲ್ಲಿ ಮಹಿಳೆಯರು ಎಂಟೇ ಮಂದಿ. ಶೇಕಡಾ 33ಕ್ಕೆ ಸರಿಯಾಗಿ ಎಂಟು, ಒಬ್ಬಳೂ ಹೆಚ್ಚಿಲ್ಲ. ಇದೂ ಅನುಮಾನಕ್ಕೆ ಕಾರಣವಾಗಿದೆ. ನಾನು 2ಎ ಪ್ರವರ್ಗಕ್ಕೆ ಸೇರಿದವಳು. 2ಎ ಮಹಿಳೆ ಎಂದು ಆಯ್ಕೆಯಾದ ಅಕ್ಕನಿಗೆ 129 ಇದೆ, ನನಗೆ 126, ಅದನ್ನು ಒಪ್ಪುತ್ತೇನೆ. ಆದರೆ ಸಾಮಾನ್ಯ ಅರ್ಹತೆಯ ಮಹಿಳೆಯರಲ್ಲಿ ಕೊನೆಯವರಿಗೆ ಇರುವುದು 125. ಇದನ್ನು ಕಚೇರಿಯಲ್ಲಿ ವಿಚಾರಿಸಿದಾಗ ಗುಮಾಸ್ತರು, ‘ನೀವು 2ಎ, ಅದು ಜನರಲ್‌ನವರ ಹುದ್ದೆ, ನಿಮಗೆ ಬರುವುದಿಲ್ಲ’ ಎಂದರು.

ಮನೆಯಲ್ಲಿ ಅತ್ತೆ, ಮಾವ ಇಬ್ಬರೂ ‘ಹೋಗಲಿ ಬಿಡು, ಮುಂದಿನ ಪರೀಕ್ಷೆ ಬರಿ, ಕೋರ್ಟಿಗೆ ಹೋದವಳೆಂದು ಹೆಸರು ಕೆಡಿಸಿಕೊಳ್ಳಬೇಡ’ ಎನ್ನುತ್ತಿದ್ದಾರೆ. ಹೆಣ್ಣೆಂಬ ಕಾರಣಕ್ಕೆ ನನ್ನನ್ನು ಬಿಟ್ಟಿದ್ದಾರೆ ಎಂದು ಸಾಬೀತು ಮಾಡುವುದು ಸಾಧ್ಯವೇ? ಸಾಧ್ಯವಾದರೆ ಮೊದಲು ಯಾರ ಬಳಿ ಹೋಗಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ, ವಿಜಯಪುರ

ತಂಗೀ, ಸೇವೆಯ ಕೊನೆಯ ಹನ್ನೊಂದು ವರ್ಷ ನಾನು ನೇಮಕಾತಿ ಶಾಖೆಯಲ್ಲಿದ್ದೆ. ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ನೀವು ಮೂರು ಅನುಮಾನಗಳನ್ನು ಬರೆದಿದ್ದೀರಿ. ಅವುಗಳ ಪೈಕಿ ನೀವು ಒಂದೆರಡು ವಾಕ್ಯಗಳಲ್ಲಿ ಮುಗಿಸಿದ ಮೂರನೆಯದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ.

1977ರ ಕರ್ನಾಟಕ ಸಿವಿಲ್ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳ 9ನೇ ನಿಯಮದಲ್ಲಿ ನೇರ ನೇಮಕಾತಿಗೆ ಮಹಿಳೆಯರಿಗೆ ಶೇಕಡಾ 33 ಮೀಸಲಿದೆ. ನಿಗಮ, ಮಂಡಳಿಗಳೂ ಸಾಮಾನ್ಯವಾಗಿ ಇದನ್ನೇ ಅಳವಡಿಸಿಕೊಂಡಿರುತ್ತವೆ. ನಿಮ್ಮ ಅಧಿಸೂಚನೆಯಲ್ಲಿ ಯಾವ ನಿಯಮ ಎಂದು ಬರೆದಿರುತ್ತಾರೆ, ನೋಡಿಕೊಳ್ಳಿ. ಜಾತಿವಾರು ಮೀಸಲಾತಿಯನ್ನು ಲಂಬ ಮೀಸಲಾತಿ ಎನ್ನುತ್ತಾರೆ, ಮಹಿಳೆ, ಗ್ರಾಮೀಣ, ಮಾಜಿ ಸೈನಿಕ ಇವೆಲ್ಲ ಸಮತಲ ಮೀಸಲಾತಿ. ಸಾಮಾನ್ಯ ಅರ್ಹತೆ ಎಂಬುದು ಒಂದು ಜಾತಿಯ ಕೋಟಾ ಅಲ್ಲ. ಅದು ಎಲ್ಲರಿಗೂ ತೆರೆದ ಬಾಗಿಲು. ಆದ್ದರಿಂದ ‘ಸಾಮಾನ್ಯ ಅರ್ಹತೆ, ಮಹಿಳೆ’ ಎಂಬ ಹುದ್ದೆಗೆ ಯಾವ ಪ್ರವರ್ಗದ ಹೆಣ್ಣುಮಗಳೂ ತನ್ನ ಅಂಕದ ಮೇಲೆ ಬರಬಹುದು. 2020ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಸೌರವ್ ಯಾದವ್ ಪ್ರಕರಣದಲ್ಲಿ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. ಅದು ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ. ಅಲ್ಲಿ ಹಿಂದುಳಿದ ವರ್ಗದ ಹೆಣ್ಣುಮಗಳೊಬ್ಬಳಿಗೆ 276.5949 ಅಂಕ ಬಂದಿತ್ತು, ಸಾಮಾನ್ಯ ವರ್ಗದಲ್ಲಿ ಆಯ್ಕೆಯಾದ ಕೊನೆಯ ಮಹಿಳೆಗೆ 274.8298. ಅವಳಿಗೂ ನಿಮ್ಮ ಗುಮಾಸ್ತರ ಉತ್ತರವೇ ಸಿಕ್ಕಿತ್ತು. ನ್ಯಾಯಾಲಯ ಆ ಉತ್ತರವನ್ನು ತಳ್ಳಿಹಾಕಿತು.

ನಿಮ್ಮ ಲೆಕ್ಕವನ್ನು ಇದಕ್ಕೆ ಹೊಂದಿಸಿ ನೋಡಿ. ಸರಿಯಾಗಿ ಪಟ್ಟಿ ಮಾಡಿದರೆ 129 ಅಂಕದ 2ಎ ಮಹಿಳೆ ಸಾಮಾನ್ಯ ಅರ್ಹತೆಯ ಮಹಿಳಾ ಹುದ್ದೆಗೆ ಏರಬೇಕು, ಅವರು ತೆರವು ಮಾಡಿದ 2ಎ ಮಹಿಳಾ ಹುದ್ದೆ ಅದೇ ಪ್ರವರ್ಗದ ಮುಂದಿನವರಿಗೆ ಬರಬೇಕು. ಆ ಮುಂದಿನವರು ನೀವೇ ಆಗಿದ್ದರೆ ಹುದ್ದೆ ನಿಮ್ಮದು. ಆದರೆ ಇಲ್ಲಿ ಎರಡು ಎಚ್ಚರಿಕೆಗಳಿವೆ. 2ಎ ಮಹಿಳೆಯರಲ್ಲಿ 126 ಮತ್ತು 129ರ ನಡುವೆ ಬೇರೆ ಯಾರಾದರೂ ಇದ್ದಾರೆಯೇ ಎಂಬುದು ಒಂದು. ಸಾಮಾನ್ಯ ಅರ್ಹತೆಯ ಆ ಮಹಿಳಾ ಹುದ್ದೆಗೆ 129ಕ್ಕಿಂತ ಹೆಚ್ಚು ಅಂಕ ಪಡೆದೂ ಆಯ್ಕೆಯಾಗದ ಬೇರೆ ಪ್ರವರ್ಗದ ಮಹಿಳೆ ಇದ್ದಾರೆಯೇ ಎಂಬುದು ಇನ್ನೊಂದು. ಇದ್ದರೆ ಆ ಹುದ್ದೆಯ ಮೇಲೆ ಅವರ ಹಕ್ಕು ಮೊದಲಿನದು. ಎರಡಕ್ಕೂ ಪೂರ್ಣ ಅಂಕಪಟ್ಟಿ ಕೈಗೆ ಬಾರದೆ ಉತ್ತರ ಸಿಗದು.

ಇನ್ನು ‘ಎಂಟೇ ಮಂದಿ’ ಎಂಬ ಅನುಮಾನ. ಇದರ ಮೇಲೆ ಹೆಚ್ಚು ಭಾರ ಹಾಕಬೇಡಿ. ಲಂಬ ಮೀಸಲಾತಿಯಲ್ಲಿ ಅರ್ಹತೆಯ ಮೇಲೆ ಬಂದವರನ್ನು ಕೋಟಾದಲ್ಲಿ ಲೆಕ್ಕ ಹಿಡಿಯುವುದಿಲ್ಲ. ಸಮತಲ ಮೀಸಲಾತಿಯಲ್ಲಿ ಹಿಡಿಯುತ್ತಾರೆ. 2007ರ ರಾಜೇಶ್ ಕುಮಾರ್ ದಾರಿಯಾ ತೀರ್ಪು ಇದನ್ನು ಉದಾಹರಣೆ ಕೊಟ್ಟು ವಿವರಿಸಿದೆ. ಅದನ್ನೇ ಚಿಕ್ಕ ಲೆಕ್ಕದಲ್ಲಿ ನಾನು ಹೇಳುವುದಾದರೆ, ಸಾಮಾನ್ಯ ಅರ್ಹತೆಯ 10 ಹುದ್ದೆಗಳಲ್ಲಿ ಮೂರು ಮಹಿಳೆಯರಿಗೆ ಎಂದಿದ್ದು, ಅಂಕದ ಮೇಲೆಯೇ ಮೊದಲ ಹತ್ತರಲ್ಲಿ ಮೂವರು ಮಹಿಳೆಯರು ಬಂದಿದ್ದರೆ ಅಲ್ಲಿಗೆ ಕೋಟಾ ಮುಗಿಯಿತು. ಇಬ್ಬರೇ ಬಂದಿದ್ದರೆ ಪಟ್ಟಿಯ ಕೊನೆಯ ಪುರುಷನನ್ನು ಬಿಟ್ಟು ಒಬ್ಬ ಮಹಿಳೆಯನ್ನು ಸೇರಿಸುತ್ತಾರೆ. ಐವರು ಬಂದಿದ್ದರೆ ಐವರೂ ಉಳಿಯಬೇಕು. ಶೇಕಡಾ 33 ಎಂಬುದು ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ. ಹೀಗೆ ಉಳಿಯಬೇಕಾದವರನ್ನು ಹೊರಗಿಟ್ಟಿದ್ದರೆ ಮಾತ್ರ ತಪ್ಪು ಹಿಡಿಯಬಹುದು.

ಈಗ ಮಾಡಬೇಕಾದದ್ದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಉದ್ದಕ್ಕೆ ಬರೆದು ತಿರಸ್ಕರಿಸಲು ನೆಪ ಕೊಡಬೇಡಿ. ಸಂದರ್ಶನಕ್ಕೆ ಕರೆದ ಎಲ್ಲ ಅಭ್ಯರ್ಥಿಗಳ ಪ್ರವರ್ಗ, ಲಿಖಿತ ಅಂಕ ಮತ್ತು ಸಂದರ್ಶನದ ಅಂಕಗಳನ್ನು ನೋಂದಣಿ ಸಂಖ್ಯೆಯ ಮೇಲೆ ಕೇಳಿ. ಹೆಸರು ಕೇಳಿದರೆ ಇತರರ ವೈಯಕ್ತಿಕ ಮಾಹಿತಿ ಎಂದು ಕೊಡದೆ ಇರಬಹುದು. ಎರಡನೆಯ ಅರ್ಜಿಯಲ್ಲಿ ರೋಸ್ಟರ್ ವಹಿಯ, ಅಂದರೆ ಯಾವ ಹುದ್ದೆ ಯಾವ ಪ್ರವರ್ಗಕ್ಕೆ ಎಂದು ಸರದಿಯಂತೆ ಬರೆದಿಡುವ ಪುಸ್ತಕದ, ಸಂಬಂಧಪಟ್ಟ ಪುಟಗಳು, ಆಯ್ಕೆ ಸಮಿತಿಯ ನಡಾವಳಿ ಮತ್ತು ಸಂದರ್ಶನದ ಅಂಕ ಹಂಚಿಕೆಗೆ ಮೊದಲೇ ಅನುಮೋದಿಸಿದ ಮಾನದಂಡ ಕೇಳಿ. ಮಾನದಂಡವೇ ಇಲ್ಲ ಎಂಬ ಉತ್ತರ ಬಂದರೂ ಅದು ನಿಮಗೆ ಉಪಯೋಗದ ಕಾಗದ. 30 ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ. ಆ ದಾಖಲೆಗಳು ಬಂದ ಮೇಲೆ ವಕೀಲರನ್ನು ಕಾಣಿ.

ಮತ್ತೊಂದು ಮಾತು. ತವರಿನ ಹೊಲ ಮುಳುಗಡೆಯಾಗಿದೆ ಎಂದಿದ್ದೀರಿ. ಯೋಜನಾ ನಿರಾಶ್ರಿತರ ಮೀಸಲಾತಿಯನ್ನು ಅರ್ಜಿಯಲ್ಲೇ ಕೋರಿದ್ದೀರಾ? ಕೋರದೇ ಇದ್ದರೆ ಈ ನೇಮಕಾತಿಗೆ ಅದನ್ನು ಈಗ ಎತ್ತಲು ಬರುವುದಿಲ್ಲ, ಮುಂದಿನದಕ್ಕೆ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ.

ಉತ್ತರ: ಧಾರವಾಡ ಪೀಠದ ವಕೀಲೆ

ಹಿರಿಯರು ಕಡತದ ಬಗ್ಗೆ ಬರೆದದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಒಂದು ಮಾತನ್ನು ಮಾತ್ರ ಒಪ್ಪಲಾರೆ: ದಾಖಲೆ ಬರುವವರೆಗೆ ಕಾಯುವುದು. ಮಾಹಿತಿ ಹಕ್ಕಿನ ಮೇಲ್ಮನವಿ ಮುಗಿಯುವಷ್ಟರಲ್ಲಿ ಆಯ್ಕೆಯಾದವರು ಕೆಲಸಕ್ಕೆ ಸೇರಿ ಪರೀಕ್ಷಾರ್ಥ ಅವಧಿಯನ್ನೂ ದಾಟಿರುತ್ತಾರೆ. ಆಗ ನ್ಯಾಯಾಲಯ ಮೊದಲು ಕೇಳುವ ಪ್ರಶ್ನೆ, ‘ಇಷ್ಟು ದಿನ ಎಲ್ಲಿದ್ದಿರಿ?’ ಎಂಬುದು. ಅಂತಿಮ ಪಟ್ಟಿ ಮತ್ತು ನಿಮ್ಮ ಅಂಕ ಕೈಯಲ್ಲಿದ್ದರೆ ಅರ್ಜಿ ಹಾಕಲು ಸಾಕು, ಉಳಿದ ಕಡತವನ್ನು ಹಾಜರುಪಡಿಸುವಂತೆ ನ್ಯಾಯಾಲಯವೇ ಆದೇಶಿಸಬಹುದು. ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕಿ, ವಕೀಲರನ್ನೂ ಈ ವಾರವೇ ಕಾಣಿ.

ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಹುದ್ದೆ ರಾಜ್ಯ ಸರ್ಕಾರದ ಇಲಾಖೆಯದಾಗಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ಅದರ ಪೀಠ ಬೆಳಗಾವಿಯಲ್ಲಿದೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 21ನೇ ಕಲಂ ಒಂದು ವರ್ಷದ ಕಾಲಮಿತಿ ಹಾಕುತ್ತದೆ. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬರದಿದ್ದರೆ ಅಲ್ಲಿಂದ ವರ್ಷ ಎಣಿಸಲು ಅವಕಾಶವಿದೆಯಾದರೂ, ಮನವಿಯ ಮೇಲೆ ಮನವಿ ಬರೆಯುತ್ತ ಹೋದರೆ ಅವಧಿ ಬೆಳೆಯುವುದಿಲ್ಲ ಎಂದು 1989ರ ಎಸ್.ಎಸ್. ರಾಠೋಡ್ ತೀರ್ಪು ಹೇಳಿದೆ. ನಿಮ್ಮದು ನಿಗಮ ಅಥವಾ ಸರ್ಕಾರಿ ಕಂಪನಿಯಾದ್ದರಿಂದ ಸಂವಿಧಾನದ 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಾಗುತ್ತದೆ. ಬಾಗಲಕೋಟೆ, ಬೆಳಗಾವಿ ಎರಡೂ ಧಾರವಾಡ ಪೀಠಕ್ಕೆ ಸೇರಿವೆ. ವಿಜಯಪುರದ ಓದುಗರು ಗಮನಿಸಬೇಕು: ನಿಮ್ಮ ಜಿಲ್ಲೆ ಕಂದಾಯ ಆಡಳಿತದಲ್ಲಿ ಬೆಳಗಾವಿ ವಿಭಾಗದಲ್ಲಿದ್ದರೂ ಹೈಕೋರ್ಟಿನ ಮಟ್ಟಿಗೆ ಕಲಬುರಗಿ ಪೀಠದ ವ್ಯಾಪ್ತಿಯಲ್ಲಿದೆ. ರಿಟ್ ಅರ್ಜಿಗೆ ಇಂತಿಷ್ಟೇ ದಿನ ಎಂಬ ಕಟ್ಟು ಇಲ್ಲದಿದ್ದರೂ ವಿಳಂಬಕ್ಕೆ ಸಮಾಧಾನ ಹೇಳಲೇಬೇಕು.

ಸಂದರ್ಶನದ ಪ್ರಶ್ನೆಗಳ ವಿಷಯ. ಸಂವಿಧಾನದ 16(2)ನೇ ವಿಧಿ ಲಿಂಗದ ಕಾರಣಕ್ಕೆ ಸರ್ಕಾರಿ ಉದ್ಯೋಗದಲ್ಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. 1976ರ ಸಮಾನ ವೇತನ ಕಾಯ್ದೆಯ 5ನೇ ಕಲಂ ನೇಮಕಾತಿಗೂ ಅನ್ವಯಿಸುತ್ತಿತ್ತು, ಅದೇ ನಿಷೇಧ 2019ರ ವೇತನ ಸಂಹಿತೆಯ 3ನೇ ಕಲಂನಲ್ಲಿ ಮುಂದುವರಿದಿದೆ. ನೀವು ಓದಲೇಬೇಕಾದ ತೀರ್ಪು ನೀರಾ ಮಾಥುರ್ ಪ್ರಕರಣದ್ದು. ಜೀವ ವಿಮಾ ನಿಗಮ ತನ್ನ ಘೋಷಣಾ ಪತ್ರದಲ್ಲಿ ಮಹಿಳಾ ಅಭ್ಯರ್ಥಿಗಳ ಮುಟ್ಟು, ಗರ್ಭಧಾರಣೆಯ ವಿವರ ಕೇಳುತ್ತಿತ್ತು. ಮಾಹಿತಿ ಮುಚ್ಚಿಟ್ಟರೆಂದು ಆಕೆಯನ್ನು ಪರೀಕ್ಷಾರ್ಥ ಅವಧಿಯಲ್ಲೇ ಕೆಲಸದಿಂದ ತೆಗೆಯಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಹೇಳಿ, ಆ ಕಾಲಂಗಳನ್ನೇ ತೆಗೆದುಹಾಕುವಂತೆ ಸೂಚಿಸಿತು. ಬರೆದು ಕೇಳಬಾರದ್ದನ್ನು ಬಾಯಲ್ಲಿ ಕೇಳಬಹುದು ಎಂಬ ವಾದ ನಿಲ್ಲುವುದು ಕಷ್ಟ. ನಮ್ಮ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರನ್ನೂ ಇಲ್ಲಿ ನೆನೆಯಬೇಕು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯಲ್ಲಿ ಮಹಿಳೆ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮವಿತ್ತು. ಬಡ್ತಿ ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು ನಿಜ, ಆದರೆ ಆ ನಿಯಮಗಳ ಬಗ್ಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಕಟುವಾದ ಮಾತುಗಳನ್ನು ವಕೀಲರು ಇಂದಿಗೂ ಓದಿ ಹೇಳುತ್ತೇವೆ.

ಹಾಗಿದ್ದರೂ ಒಂದು ಕಠಿಣ ಸತ್ಯ ಹೇಳಬೇಕು. ಸಂದರ್ಶನದ ಅಂಕವನ್ನು ನ್ಯಾಯಾಲಯ ತಾನೇ ಕುಳಿತು ತಿದ್ದುವುದಿಲ್ಲ. 14 ಕೊಟ್ಟಿದ್ದು ತಪ್ಪು, 30 ಕೊಡಿ ಎಂದು ಆದೇಶ ಬರುತ್ತದೆಂದು ಎಣಿಸಬೇಡಿ. ಬಂದರೆ ಮರುಸಂದರ್ಶನದ ಆದೇಶ ಬರಬಹುದು. ಅದಕ್ಕೂ ನಿಮ್ಮೊಬ್ಬರ ಮಾತು ಸಾಲದು. ಅದೇ ಸಮಿತಿ ಬೇರೆ ಮಹಿಳೆಯರಿಗೂ ಇಂಥದೇ ಪ್ರಶ್ನೆ ಕೇಳಿ, ಲಿಖಿತದಲ್ಲಿ ಮುಂದಿದ್ದವರನ್ನು ಸಂದರ್ಶನದಲ್ಲಿ ಒಟ್ಟಾಗಿ ಕೆಳಗಿಳಿಸಿದೆ ಎಂಬ ಚಿತ್ರ ಅಂಕಪಟ್ಟಿಯಿಂದ ಮೂಡಬೇಕು. ಹಾಗೆ ಮೂಡಿದರೆ ಸದಸ್ಯರ ಮನಸ್ಸಿನಲ್ಲಿ ಏನಿತ್ತು ಎಂದು ನೀವು ತೋರಿಸಬೇಕಾಗಿಲ್ಲ. ಸೇನೆಯ ಮಹಿಳಾ ಅಧಿಕಾರಿಗಳ ನಿತೀಶಾ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಪರೋಕ್ಷ ತಾರತಮ್ಯವನ್ನು ಒಪ್ಪಿ, ಉದ್ದೇಶಕ್ಕಿಂತ ಪರಿಣಾಮ ಮುಖ್ಯ ಎಂದಿದೆ. ನಿರ್ದಿಷ್ಟ ಸದಸ್ಯರೊಬ್ಬರಿಗೆ ನಿಮ್ಮ ಮೇಲೆ ದ್ವೇಷವಿತ್ತು ಎಂದು ಆರೋಪಿಸುವುದಾದರೆ ಅವರನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು. ಆ ದಾರಿ ಬೇಡ ಎಂಬುದು ನನ್ನ ಸಲಹೆ.

ಆದ್ದರಿಂದ ಅರ್ಜಿಯ ಬೆನ್ನೆಲುಬು ಸೌರವ್ ಯಾದವ್ ತೀರ್ಪಿನ ಅಂಶವಾಗಿರಲಿ, ಸಂದರ್ಶನದ ಅಂಶ ಅದರ ಜೊತೆಗಿರಲಿ. ಪೂರ್ತಿ ಪಟ್ಟಿ ರದ್ದಾಗಲಿ ಎಂದು ಕೇಳಬೇಡಿ. ಒಂದು ಹುದ್ದೆ ಖಾಲಿ ಇಡಲಿ, ಇಲ್ಲವೇ ನೇಮಕಾತಿಗಳು ಈ ಅರ್ಜಿಯ ಅಂತಿಮ ತೀರ್ಪಿಗೆ ಒಳಪಟ್ಟಿರಲಿ ಎಂಬ ಮಧ್ಯಂತರ ಆದೇಶ ಕೇಳಿ. ತೀರ್ಪಿನಿಂದ ಬಾಧಿತರಾಗುವ ಆಯ್ಕೆಯಾದ ಅಭ್ಯರ್ಥಿಗಳನ್ನು ಪ್ರತಿವಾದಿಗಳನ್ನಾಗಿ ಸೇರಿಸಲೇಬೇಕು. ಅವರ ಮಾತು ಕೇಳದೆ ಅವರ ವಿರುದ್ಧ ಆದೇಶ ಮಾಡುವಂತಿಲ್ಲ ಎಂದು 1984ರ ಪ್ರಬೋಧ್ ವರ್ಮಾ ತೀರ್ಪಿನಿಂದಲೇ ಸ್ಥಿರವಾಗಿದೆ. ‘ಸಂದರ್ಶನಕ್ಕೆ ಹಾಜರಾಗಿ, ಸೋತ ಮೇಲೆ ತಕರಾರು ತೆಗೆದಿದ್ದಾರೆ’ ಎಂದು ಸಂಸ್ಥೆ ಖಂಡಿತ ವಾದಿಸುತ್ತದೆ. ಪ್ರಕ್ರಿಯೆಯನ್ನು ಒಪ್ಪಿದ ಮಾತ್ರಕ್ಕೆ ಅದರೊಳಗಿನ ಕಾನೂನುಬಾಹಿರ ಕೆಲಸವನ್ನು ಒಪ್ಪಿದಂತಾಗದು ಎಂಬ 2019ರ ಮೀತಾ ಸಹಾಯ್ ತೀರ್ಪು ಅದಕ್ಕೆ ಉತ್ತರ.

ಮಹಿಳಾ ಆಯೋಗಕ್ಕೂ ದೂರು ಕೊಡಬಹುದು. ವರದಿ ತರಿಸಿಕೊಂಡು ಶಿಫಾರಸು ಮಾಡುತ್ತದೆ, ಆದರೆ ನೇಮಕಾತಿ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ.

ಉತ್ತರ: ಗೋಕಾಕದ ಓದುಗಾರ್ತಿ

ತಂಗೀ, ನಾನು ಕಾನೂನು ಓದಿದವಳಲ್ಲ, ಈ ದಾರಿಯಲ್ಲಿ ನಡೆದವಳು. ಅತ್ತೆ, ಮಾವನ ಮಾತಿನ ಬಗ್ಗೆ ಬರೆದಿದ್ದೀರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಒಂದು ಸರ್ಕಾರಿ ಸಂಸ್ಥೆಗೆ ಆಯ್ಕೆಯಾದಾಗ ಐದು ತಿಂಗಳ ಗರ್ಭಿಣಿ. ವೈದ್ಯಕೀಯ ತಪಾಸಣೆಯಲ್ಲಿ ‘ತಾತ್ಕಾಲಿಕವಾಗಿ ಅನರ್ಹ’ ಎಂದು ಬರೆದರು. ಹೆರಿಗೆಯಾದ ಮೇಲೆ ಬನ್ನಿ ಎಂದರು. ಬಂದಾಗ ಆ ಪಟ್ಟಿಯ ಅವಧಿ ಮುಗಿದಿದೆ ಎಂದರು. ಬಾಣಂತನದ ಮೈಯಲ್ಲಿ ಆ ಕಚೇರಿಯ ಮೆಟ್ಟಿಲು ಇಳಿದು ಬಂದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ 2022ರ ಜನವರಿಯಲ್ಲಿ ಸ್ಟೇಟ್ ಬ್ಯಾಂಕ್ ಮೂರು ತಿಂಗಳು ಮೀರಿದ ಗರ್ಭಿಣಿ ಅಭ್ಯರ್ಥಿಗಳನ್ನು ಹೀಗೆಯೇ ‘ತಾತ್ಕಾಲಿಕ ಅನರ್ಹ’ರೆಂದು ಪರಿಗಣಿಸುವ ಸುತ್ತೋಲೆಯನ್ನು ದೇಶದೆಲ್ಲೆಡೆ ವಿರೋಧ ಬಂದ ಮೇಲೆ ತಡೆಹಿಡಿದದ್ದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಅಳು ಬಂತು. ನಾನೊಬ್ಬಳೇ ಅಲ್ಲ ಎಂದು ಗೊತ್ತಾಗುವುದಕ್ಕೆ ಅಷ್ಟು ವರ್ಷ ಬೇಕಾಯಿತು.

ನಮ್ಮ ಮನೆಯಲ್ಲಿ ಖರ್ಚಿನದೇ ದೊಡ್ಡ ಮಾತಾಗಿತ್ತು. ಆಗ ಯಾರೋ ಹೇಳಿದರು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂದು. ಬೆಳಗಾವಿಯ ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋದೆ, ಅವರು ಧಾರವಾಡದ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಕಳಿಸಿದರು. ವಕೀಲರ ಶುಲ್ಕ ಒಂದು ರೂಪಾಯಿಯೂ ತಗಲಲಿಲ್ಲ. ತಗಲಿದ್ದು ಬಸ್ಸಿನ ಖರ್ಚು ಮತ್ತು ಪ್ರತಿಗಳ ಖರ್ಚು. ಕೂಸನ್ನು ಅವ್ವನ ಹತ್ತಿರ ಬಿಟ್ಟು ಯರಗಟ್ಟಿ, ಸವದತ್ತಿ ಮಾರ್ಗವಾಗಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. 15100 ಎಂಬ ಕಾನೂನು ನೆರವಿನ ಸಂಖ್ಯೆಗೆ ಫೋನ್ ಮಾಡಿದರೂ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಎರಡು ವರ್ಷ ನಾಲ್ಕು ತಿಂಗಳಾಯಿತು. ನೌಕರಿ ಸಿಕ್ಕಿತು, ಪಟ್ಟಿಯಲ್ಲಿನ ಜ್ಯೇಷ್ಠತೆಯೂ ಸಿಕ್ಕಿತು, ಹಿಂಬಾಕಿ ಸಂಬಳ ಸಿಗಲಿಲ್ಲ. ಸೇರಿದ ಮೇಲೆ ಮೊದಲ ಆರು ತಿಂಗಳು ಕೆಲವರು ಮಾತಾಡಿಸುತ್ತಿರಲಿಲ್ಲ. ಈಗ ಅವರದೇ ಮನೆಯ ಹೆಣ್ಣುಮಕ್ಕಳ ಅರ್ಜಿ ತುಂಬಿಸಲು ನನ್ನ ಬಳಿ ಬರುತ್ತಾರೆ. ಕೋರ್ಟಿಗೆ ಹೋದವಳೆಂದು ಬೇರೆ ಯಾವ ಪರೀಕ್ಷೆಯಲ್ಲೂ ನನ್ನನ್ನು ತಡೆಯಲಿಲ್ಲ. ಆ ಎರಡು ವರ್ಷದಲ್ಲಿ ನಾನು ಇನ್ನೆರಡು ಪರೀಕ್ಷೆ ಬರೆದಿದ್ದೇನೆ.

ನಿಮ್ಮ ಮಾವನವರಿಗೆ ಕುಡಚಿಯ ಎಪಿಎಂಸಿ ಪ್ರಕರಣ ಓದಿ ಹೇಳಿ. ನಮ್ಮ ಬೆಳಗಾವಿ ಜಿಲ್ಲೆಯದೇ. ಕಾರ್ಯದರ್ಶಿಯಾಗಿದ್ದ ತಂದೆ ತೀರಿಕೊಂಡಾಗ ಮಗಳು ಅನುಕಂಪದ ನೌಕರಿ ಕೇಳಿದಳು, ಮದುವೆಯಾಗಿದೆ ಎಂದು ನಿರಾಕರಿಸಿದರು. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ 1996ರ ನಿಯಮಗಳಲ್ಲಿದ್ದ ‘ಅವಿವಾಹಿತ’ ಎಂಬ ಪದವನ್ನೇ ಹೊಡೆದುಹಾಕಿತು. ಒಬ್ಬ ಮಗಳು ಹೋದದ್ದರಿಂದ ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಉತ್ತರ: ಕಾರ್ಯನಿರ್ವಾಹಕ ಎಂಜಿನಿಯರ್, ಬಾಗಲಕೋಟೆ

ನಾನು ಎರಡು ಸಲ ಆಯ್ಕೆ ಸಮಿತಿಯಲ್ಲಿ ಕುಳಿತಿದ್ದೇನೆ. ರಾತ್ರಿ ಪಾಳಿ, ಮಳೆಗಾಲದಲ್ಲಿ ಕ್ಷೇತ್ರದ ಕೆಲಸ ಇರುವ ಹುದ್ದೆಗೆ ಬರುವವರನ್ನು ಆ ಬಗ್ಗೆ ಕೇಳದೇ ಇರಲು ಹೇಗೆ ಸಾಧ್ಯ? ಎಲ್ಲ ಪ್ರಶ್ನೆಯನ್ನೂ ತಾರತಮ್ಯವೆಂದು ತಿಳಿಯಬಾರದು ಎಂದು ವಿನಂತಿಸುತ್ತೇನೆ. ಹಾಗೆಯೇ 93 ಪಡೆದ ಆ ಅಭ್ಯರ್ಥಿ ಏನೂ ತಪ್ಪು ಮಾಡಿಲ್ಲದೇ ಇರಬಹುದು.

ಉತ್ತರ: ಧಾರವಾಡ ಪೀಠದ ವಕೀಲೆ

ಸರ್, ಪಾಳಿಯ ಬಗ್ಗೆ ಕೇಳಬಾರದೆಂದು ಯಾರೂ ಹೇಳುತ್ತಿಲ್ಲ. ಎಲ್ಲರಿಗೂ ಕೇಳಬೇಕು. ಎಂಟು ತಿಂಗಳ ಮಗು ಇರುವ ತಂದೆಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ ಹೋದರೆ ತಕರಾರಿಲ್ಲ. ಹೆಣ್ಣುಮಗಳಿಗೆ ಮಾತ್ರ ಹೋದರೆ, ಮನೆ ಮತ್ತು ಮಗು ಅವಳದೇ ಹೊಣೆ ಎಂಬ ಊಹೆಯ ಮೇಲೆ ಅಂಕ ಬೀಳುತ್ತದೆ. ಹೆಣ್ಣನ್ನು ಕಾಪಾಡುವ ಹೆಸರಿನಲ್ಲಿ ಅವಳ ಉದ್ಯೋಗವನ್ನು ಕಿತ್ತುಕೊಳ್ಳಬಾರದು ಎಂಬುದೇ ಸುಪ್ರೀಂ ಕೋರ್ಟಿನ ಅನುಜ್ ಗರ್ಗ್ ತೀರ್ಪಿನ ತಿರುಳು. ಆಯ್ಕೆಯಾದ ಅಭ್ಯರ್ಥಿಯ ಬಗ್ಗೆ ತಾವು ಹೇಳಿದ್ದು ಸರಿ. ಅವರು ಪ್ರತಿವಾದಿಯಾಗುವುದು ಆರೋಪಿಯಾಗಿ ಅಲ್ಲ, ತಮ್ಮ ಮಾತು ಹೇಳಿಕೊಳ್ಳುವ ಹಕ್ಕಿರುವವರಾಗಿ.

ಪ್ರಶ್ನಿಸಿದವರ ಮಾತು: ಜಮಖಂಡಿಯ ಅಭ್ಯರ್ಥಿ

ಎಲ್ಲ ಹಿರಿಯರಿಗೆ, ಗೋಕಾಕದ ಅಕ್ಕನಿಗೆ ಕೈಮುಗಿಯುತ್ತೇನೆ. ನಿರಾಶ್ರಿತರ ಮೀಸಲಾತಿಯನ್ನು ನಾನು ಅರ್ಜಿಯಲ್ಲಿ ಕೋರಿರಲಿಲ್ಲ. ಅದು ಮುಗಿದ ಮಾತು. ಒಂದು ವಿಷಯ ಮಾತ್ರ ಎರಡು ರಾತ್ರಿ ನಿದ್ದೆ ಕೆಡಿಸಿದೆ. ನಾನು ಗೆದ್ದರೆ ಹೊರಗೆ ಹೋಗುವವರು ಆ 41 ಅಂಕ ಪಡೆದವರಲ್ಲ, 125 ಅಂಕದ ಇನ್ನೊಬ್ಬ ಹೆಣ್ಣುಮಗಳು. ಅವರೂ ನನ್ನ ಹಾಗೆಯೇ ಓದಿ ಬಂದವರು, ಪಟ್ಟಿ ಮಾಡಿದ್ದು ಅವರಲ್ಲ. ಇದಕ್ಕೆ ಬೇರೆ ದಾರಿ ಇದೆಯೇ?

ಉತ್ತರ: ಧಾರವಾಡ ಪೀಠದ ವಕೀಲೆ

ಇದೆ. ಸೌರವ್ ಯಾದವ್ ತೀರ್ಪಿನ ಕೊನೆಯ ಭಾಗ ಓದಿ. 274.8298ಕ್ಕಿಂತ ಹೆಚ್ಚು ಅಂಕ ಪಡೆದ ಹಿಂದುಳಿದ ವರ್ಗದ ಮಹಿಳೆಯರಿಗೆ ಉದ್ಯೋಗ ಕೊಡಿ ಎಂದ ನ್ಯಾಯಾಲಯ, ಆಗಲೇ ನೇಮಕವಾಗಿದ್ದ ಸಾಮಾನ್ಯ ವರ್ಗದ ಮಹಿಳೆಯರನ್ನು ತೆಗೆಯಬಾರದು ಎಂದೂ ಹೇಳಿತು. ಸಂಸ್ಥೆಯಲ್ಲಿ ಖಾಲಿ ಹುದ್ದೆ ಇದ್ದರೆ ಅದೇ ಮಾದರಿಯ ಪರಿಹಾರವನ್ನು ನಿಮ್ಮ ಅರ್ಜಿಯಲ್ಲೇ ಪರ್ಯಾಯವಾಗಿ ಕೋರಬಹುದು. ಖಾಲಿ ಹುದ್ದೆಗಳ ಸಂಖ್ಯೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಲು ಮರೆಯಬೇಡಿ. ಸಂದರ್ಶನದ ಅಂಕಪಟ್ಟಿಗಳನ್ನು ನಾಶ ಮಾಡದೆ ಕಾಯ್ದಿರಿಸಬೇಕೆಂದು ಸಂಸ್ಥೆಗೆ ಒಂದು ಪತ್ರ ಬರೆದು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಮತ್ತು ಸಂದರ್ಶನದಲ್ಲಿ ನಡೆದ ಮಾತನ್ನು ನೆನಪಿರುವಾಗಲೇ ದಿನಾಂಕ, ಸಮಯ ಸಹಿತ ಬರೆದಿಡಿ.

ಪ್ರಶ್ನಿಸಿದವರ ಮಾತು: ಜಮಖಂಡಿಯ ಅಭ್ಯರ್ಥಿ

ಇಂದು ಬೆಳಿಗ್ಗೆ ಮೂರು ಅರ್ಜಿಗಳನ್ನು ಪೋಸ್ಟಲ್ ಆರ್ಡರ್ ಸಹಿತ ಕಳಿಸಿದೆ. ಮೂರನೆಯದು ಖಾಲಿ ಹುದ್ದೆಗಳ ಬಗ್ಗೆ. ಅಂಕಪಟ್ಟಿ ಕಾಯ್ದಿರಿಸುವ ಪತ್ರವೂ ಹೋಯಿತು. ಸೋಮವಾರ ಬಾಗಲಕೋಟೆ ನವನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತಿದ್ದೇನೆ. ಗೋಕಾಕದ ಅಕ್ಕ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಸೋಮವಾರ ತಾವೂ ಬರುವುದಾಗಿ ಸಂಜೆ ಅತ್ತೆಯವರ ಮೂಲಕ ಹೇಳಿಸಿದ್ದಾರೆ.

ಸಂದರ್ಶನದ ದಿನ ಪರಿಚಯವಾದ ಇಬ್ಬರು ಅಭ್ಯರ್ಥಿಗಳಿಗೂ ಫೋನ್ ಮಾಡಿದ್ದೆ. ಒಬ್ಬರು ಈ ವಿಷಯಕ್ಕೆ ಬರುವುದಿಲ್ಲ ಎಂದರು, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಮುದ್ದೇಬಿಹಾಳದ ಕಡೆಯ ಇನ್ನೊಬ್ಬರಿಗೆ, ಮದುವೆ ನಿಶ್ಚಯವಾಗಿದೆಯೇ, ಗಂಡನ ಊರು ದೂರವಾದರೆ ಕೆಲಸ ಬಿಡುತ್ತೀರಾ ಎಂದು ಕೇಳಿದ್ದರಂತೆ. ಅದನ್ನು ಬರೆದು ಸಹಿ ಮಾಡಿ ಕೊಡಲು ಅವರು ಒಪ್ಪಿದ್ದಾರೆ.